ಸುಣ್ಣಕಲ್ಲಿನ ಸೀಮೆಯಲ್ಲಿ ಕುಣಿಯುವ ಹೀಟ್ ಮೀಟರ್

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಹಳೆಯ ಪಿಕಪ್‌ಗಳಿಗೆ ಬಿಡುವೆಂಬುದಿಲ್ಲ. ಗಣಿಯಿಂದ ಪಾಲಿಶ್ ಘಟಕಕ್ಕೆ ಹೋಗುವ ಪರಸಿ ಕಲ್ಲು, ಅಂಗಡಿಯಿಂದ ಹಳ್ಳಿಗೆ ಹೋಗುವ ಸಿಮೆಂಟ್ ಚೀಲ, ರಾಶಿ ಮುಗಿದ ಮೇಲೆ ಅಡತ ಅಂಗಡಿಗೆ ಬರುವ ತೊಗರಿ, ಎಲ್ಲವನ್ನೂ ಹೊರುವುದು ಹತ್ತು ಹದಿನೈದು ವರ್ಷ ದುಡಿದ ಟಾಟಾ 207, ಬೊಲೆರೊ ಪಿಕಪ್‌ನಂಥ ಗಾಡಿಗಳೇ. ಇಂಥ ಗಾಡಿಯಲ್ಲಿ ಎಂಜಿನ್ ಶಾಖ ತೋರಿಸುವ ಹೀಟ್ ಮೀಟರಿನ ಮುಳ್ಳು ಒಂದು ದಿನ ತನ್ನ ಜಾಗ ಬಿಟ್ಟು ಮೇಲೆ ಕೆಳಗೆ ಆಡತೊಡಗುತ್ತದೆ. ಆಗ ಕೇಳಿಬರುವ ಮಾತು ಎರಡು. ಒಂದು, “ಮೀಟರ್ ಖರಾಬ್ ಆಗ್ಯಾದ್ರಿ, ನಡೀತದ.” ಇನ್ನೊಂದು, “ರೇಡಿಯೇಟರ್ ಬಿಚ್ಚಬೇಕ್ರಿ.” ಮೊದಲನೆಯ ಮಾತು ನಂಬಿ ಓಡಿಸಿದವರ ಎಂಜಿನ್ ಹೆಡ್ ಬಾಗುತ್ತದೆ, ಎರಡನೆಯದನ್ನು ನಂಬಿದವರು ಒಂದು ತಂತಿಯ ತಪ್ಪಿಗೆ ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ ಮೂರಕ್ಕೂ ಹಣ ಕಟ್ಟುತ್ತಾರೆ. ಎರಡೂ ಊಹೆಗಳೇ, ಯಾವುದೂ ಪರೀಕ್ಷೆಯಿಂದ ಬಂದ ತೀರ್ಮಾನವಲ್ಲ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಮುಳ್ಳು ಒಂದು ಗಟ್ಟಿ ಸಾಕ್ಷಿ ಕೊಟ್ಟಿರುತ್ತದೆ, ಅದು ಅದರ ವೇಗ. ಮುಳ್ಳು ಎಲ್ಲಿ ನಿಂತಿತು ಎನ್ನುವುದಕ್ಕಿಂತ ಅಲ್ಲಿಗೆ ಎಷ್ಟು ಹೊತ್ತಿನಲ್ಲಿ ಹೋಯಿತು ಎನ್ನುವುದೇ ರೋಗವನ್ನು ಹೆಚ್ಚು ಖಚಿತವಾಗಿ ಹೇಳುತ್ತದೆ ಎಂಬುದು ಈ ಲೇಖನದ ವಾದ. ಆದರೆ ಸುಣ್ಣಕಲ್ಲಿನ ಈ ಸೀಮೆಯಲ್ಲಿ ಆ ಸಾಕ್ಷಿಯನ್ನು ನೀರಿನ ಮಟ್ಟದ ಜೊತೆಗಿಟ್ಟು ಓದಬೇಕು. ಯಾಕೆಂದರೆ ಇಲ್ಲಿ ಮುಳ್ಳು ಏರುವುದಕ್ಕಿಂತ ಇಳಿಯುವುದೇ ಕೆಲವೊಮ್ಮೆ ಹೆಚ್ಚು ಅಪಾಯದ ಸುದ್ದಿ.

ಶಾಖಕ್ಕೆ ಸಮಯ ಬೇಕು. ಒಂದು ಸಣ್ಣ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಸುಮಾರು 60 ಅಶ್ವಶಕ್ತಿಯ ಹಳೆಯ ಡೀಸೆಲ್ ಎಂಜಿನ್ ಪೂರ್ತಿ ಭಾರ ಎಳೆಯುವಾಗ ಚಕ್ರಗಳ ಕಡೆಗೆ 45 ಕಿಲೋವ್ಯಾಟ್ ಶಕ್ತಿ ಕೊಡುತ್ತದೆ; ಹೆಚ್ಚೆಂದರೆ ಅಷ್ಟೇ ಶಾಖ ಅದರ ನೀರಿಗೂ ಹೋಗುತ್ತದೆ. ಎಂಜಿನ್ ಮತ್ತು ರೇಡಿಯೇಟರಿನಲ್ಲಿ 10 ಲೀಟರ್ ನೀರಿದೆ ಎಂದುಕೊಳ್ಳೋಣ. ಅಷ್ಟು ನೀರನ್ನು 20 ಡಿಗ್ರಿ ಏರಿಸಲು ಸುಮಾರು 840 ಕಿಲೋಜೂಲ್ ಬೇಕು. ರೇಡಿಯೇಟರ್ ಒಂದು ಚೂರೂ ಕೆಲಸ ಮಾಡದೆ ಎಲ್ಲ ಶಾಖವೂ ನೀರಲ್ಲೇ ಉಳಿದರೂ ಇದಕ್ಕೆ ಹದಿನೆಂಟು ಹತ್ತೊಂಬತ್ತು ಸೆಕೆಂಡು ಹಿಡಿಯುತ್ತದೆ. ನೀರಿನ ಸುತ್ತ ಇನ್ನೂರು ಕಿಲೋ ಸುಮಾರಿನ ಕಬ್ಬಿಣವೂ ಇದೆ, ಅದೂ ಕಾಯಬೇಕು. ಅದನ್ನೂ ಸೇರಿಸಿದರೆ ಸಮಯ ಒಂದು ನಿಮಿಷದ ಹತ್ತಿರ ಬರುತ್ತದೆ. ಇಳಿಯುವುದಕ್ಕೂ ಇದೇ ನಿಯಮ. ಹೀಗಿರುವಾಗ ಹಂಪ್ ಹಾರಿದ ಕ್ಷಣಕ್ಕೆ ಮಧ್ಯದಲ್ಲಿದ್ದ ಮುಳ್ಳು ಕೆಂಪು ಗೆರೆ ಮುಟ್ಟಿ, ಮುಂದಿನ ಕ್ಷಣ ಮತ್ತೆ ಮಧ್ಯಕ್ಕೆ ಬಂದರೆ ಅಷ್ಟರಲ್ಲಿ ನೀರು ಕಾದು ತಣ್ಣಗಾಯಿತು ಎನ್ನಲು ಸಾಧ್ಯವೇ ಇಲ್ಲ. ಅಲ್ಲಿ ಬದಲಾದದ್ದು ತಂತಿಯಲ್ಲಿ ಹರಿಯುವ ವಿದ್ಯುತ್ತು ಮಾತ್ರ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಎಲ್ಲ ಮೀಟರುಗಳ ಮುಳ್ಳೂ ಒಂದೇ ಚುರುಕಿನವಲ್ಲ. ಹಳೆಯ ಗಾಡಿಗಳ ಬಹಳಷ್ಟು ಮೀಟರುಗಳ ಒಳಗೆ ಎರಡು ಲೋಹ ಬೆಸೆದ ಪಟ್ಟಿಯೊಂದು ವಿದ್ಯುತ್ತಿನಿಂದ ಬಿಸಿಯಾಗಿ ಬಾಗುತ್ತದೆ, ಆ ಬಾಗು ಮುಳ್ಳನ್ನು ತಳ್ಳುತ್ತದೆ. ಇಂಥ ಮುಳ್ಳು ತಂತಿ ತುಂಡಾದರೂ ಫಕ್ಕನೆ ಬೀಳುವುದಿಲ್ಲ, ಕೆಲವು ಸೆಕೆಂಡು ತೆಗೆದುಕೊಂಡು ಇಳಿಯುತ್ತದೆ. ಕಾಯಿಲ್ ಸುತ್ತಿದ ಮೀಟರಿನ ಮುಳ್ಳು ಮಾತ್ರ ತಟ್ಟನೆ ಹೊರಳುತ್ತದೆ. ಹಾಗಾದರೆ ವೇಗವನ್ನು ಯಾವುದಕ್ಕೆ ಹೋಲಿಸುವುದು? ಅಳತೆಗೋಲು ಅದೇ ಗಾಡಿಯಲ್ಲಿದೆ. ಎಂಜಿನ್ ಬಿಸಿ ಇರುವಾಗ ಬಂದ್ ಮಾಡಿ, ಮುಳ್ಳು ಕೆಳಗೆ ಕೂತ ಮೇಲೆ ಕೀಲಿ ತಿರುಗಿಸಿದರೆ ಮುಳ್ಳು ತಳದಿಂದ ತನ್ನ ಜಾಗಕ್ಕೆ ಏರುತ್ತದೆ. ಅದು ಆ ಮೀಟರಿನ ವಿದ್ಯುತ್ ವೇಗ. ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಅದೇ ಮುಳ್ಳು ಅದೇ ಜಾಗಕ್ಕೆ ಬರಲು ಹಲವು ನಿಮಿಷ ಹಿಡಿಯುತ್ತದೆ. ಅದು ಶಾಖದ ವೇಗ. ರಸ್ತೆಯಲ್ಲಿ ಮುಳ್ಳು ಆಡಿದಾಗ ಈ ಎರಡರಲ್ಲಿ ಯಾವುದಕ್ಕೆ ಹತ್ತಿರವಾಗಿ ಆಡಿತು ಎಂದು ನೋಡಬೇಕು. ಇದಕ್ಕೆ ಉಪಕರಣ ಬೇಡ, ಹಣ ಬೇಡ. ದಿನವೂ ಅದೇ ಮುಳ್ಳನ್ನು ನೋಡುವ ಚಾಲಕನ ಕಣ್ಣು ಸಾಕು.

ಎತ್ತ ಕಡೆಗೆ ಆಡಿತು ಎನ್ನುವುದು ಮುಂದಿನ ಸಾಕ್ಷಿ. ಇಂಥ ಹಳೆಯ ಗಾಡಿಗಳಲ್ಲಿ ಸಿಲಿಂಡರ್ ಹೆಡ್ಡಿಗೋ ಥರ್ಮೋಸ್ಟಾಟಿನ ಗೂಡಿಗೋ ತಿರುಪಿದ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದರ ತುದಿ ನೀರಿನಲ್ಲಿ ಮುಳುಗಿರುತ್ತದೆ. ನೀರು ಬಿಸಿಯಾದಷ್ಟೂ ಅದರ ವಿದ್ಯುತ್ ತಡೆ ಕಡಿಮೆಯಾಗುತ್ತದೆ, ಮೀಟರಿನಿಂದ ಹೆಚ್ಚು ವಿದ್ಯುತ್ತು ಹರಿಯುತ್ತದೆ, ಮುಳ್ಳು ಏರುತ್ತದೆ. ಹೀಗಾಗಿ ಸೆನ್ಸರಿಗೆ ಹೋಗುವ ತಂತಿ ಎಲ್ಲೋ ಸವೆದು ಎಂಜಿನ್ನಿಗೆ ಅಥವಾ ಚಾಸಿಸ್ಸಿಗೆ ತಾಗಿದರೆ ಮುಳ್ಳು ಒಮ್ಮೆಗೇ ಪೂರ್ತಿ ಬಿಸಿ ತೋರಿಸುತ್ತದೆ. ತಂತಿ ತುಂಡಾದರೆ, ಕನೆಕ್ಟರ್ ಸಡಿಲಾದರೆ, ತುಕ್ಕು ಹಿಡಿದರೆ ತಡೆ ಹೆಚ್ಚಿ ಮುಳ್ಳು ತಂಪಿನ ಕಡೆಗೆ ಬೀಳುತ್ತದೆ. ಒಂದೇ ತಂತಿಯ ಸೆನ್ಸರ್ ತನ್ನ ಅರ್ಥ್ ಅನ್ನು, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿಯನ್ನು, ತಿರುಪಿನ ಮೂಲಕವೇ ಎಂಜಿನ್ನಿನಿಂದ ಪಡೆಯುತ್ತದೆ. ನೀರು ಸೋರದಿರಲೆಂದು ಆ ತಿರುಪಿಗೆ ಪ್ಲಂಬರ್ ಬಳಸುವ ಬಿಳಿ ಟೇಪನ್ನು ದಪ್ಪಗೆ ಸುತ್ತಿದರೆ ಸೋರಿಕೆ ನಿಲ್ಲಬಹುದು, ಅರ್ಥ್ ಮಾತ್ರ ದುರ್ಬಲವಾಗಿ ಮುಳ್ಳು ಸದಾ ಸುಳ್ಳು ತಂಪು ತೋರಿಸಬಹುದು. ಹೊಸ ಸೆನ್ಸರ್ ಹಾಕಿದ ಮೇಲೂ ಮೀಟರ್ ಸರಿಯಾಗಲಿಲ್ಲ ಎಂಬ ದೂರಿಗೆ ಈ ಟೇಪೂ ಒಂದು ಕಾರಣ.

ಅರ್ಥಿನ ವಿಷಯ ಈ ಸೀಮೆಯಲ್ಲಿ ಇನ್ನೂ ಮುಖ್ಯ. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುವುದರಿಂದ ಚಾಸಿಸ್ಸಿಗೂ ಅದಕ್ಕೂ ನಡುವೆ ವಿದ್ಯುತ್ತು ಸಲೀಸಾಗಿ ಹರಿಯುವ ದಾರಿಯೆಂದರೆ ಒಂದು ದಪ್ಪ ಅರ್ಥ್ ಪಟ್ಟಿ. ಗಣಿಯ ಹಾದಿಯಲ್ಲಿ ಕಲ್ಲು ಹೊತ್ತು ಕುಲುಕುವ ಗಾಡಿಯಲ್ಲಿ ಆ ಪಟ್ಟಿಯ ಎಳೆಗಳು ಒಂದೊಂದಾಗಿ ಹರಿಯುತ್ತವೆ; ಕಲ್ಲು ಕೊಯ್ಯುವಲ್ಲಿನ ಒದ್ದೆ ಪುಡಿ ಬೋಲ್ಟಿನ ಸುತ್ತ ಕೂತು ತೇವ ಹಿಡಿದಿಟ್ಟು ತುಕ್ಕಿಗೆ ದಾರಿ ಮಾಡುತ್ತದೆ. ಹೆಡ್‌ಲೈಟ್ ಹಾಕಿದಾಗ ಮುಳ್ಳು ಕದಲಿದರೆ, ಇಂಡಿಕೇಟರ್ ಮಿಟುಕಿದಂತೆ ಮುಳ್ಳೂ ನಡುಗಿದರೆ, ಡೀಸೆಲ್ ಮೀಟರಿನ ಮುಳ್ಳೂ ಅದರ ಜೊತೆ ಆಡಿದರೆ ಸೆನ್ಸರನ್ನು ಮುಟ್ಟುವ ಅಗತ್ಯವೇ ಇಲ್ಲ. ಡೀಸೆಲ್ ಟ್ಯಾಂಕಿಗೂ ಎಂಜಿನ್ ಶಾಖಕ್ಕೂ ಸಂಬಂಧವಿಲ್ಲ, ಎರಡೂ ಮೀಟರಿಗೆ ಸಮಾನವಾದದ್ದು ಡ್ಯಾಶ್‌ಬೋರ್ಡಿನ ಅರ್ಥ್ ಮತ್ತು ಅಲ್ಲಿಗೆ ಬರುವ ವಿದ್ಯುತ್ತು ಮಾತ್ರ. ಲೋಹಪಟ್ಟಿಯ ಮೀಟರುಗಳಿಗೆ ಬ್ಯಾಟರಿಯ 12 ವೋಲ್ಟನ್ನು ಇಳಿಸಿ ಸಮನಾಗಿ ಕೊಡುವ ಒಂದು ಸ್ಟೆಬಿಲೈಸರ್ ಹಲವು ಹಳೆಯ ಗಾಡಿಗಳಲ್ಲಿದೆ. ಅದರ ಅರ್ಥ್ ಹೋದರೆ ಎಲ್ಲ ಮುಳ್ಳುಗಳೂ ಒಟ್ಟಿಗೆ ಮೇಲಕ್ಕೇರುತ್ತವೆ. ಅರ್ಧ ಟ್ಯಾಂಕ್ ಡೀಸೆಲ್ ಇದ್ದ ಗಾಡಿ ಫುಲ್ ತೋರಿಸುತ್ತ, ಜೊತೆಗೇ ಹೀಟ್ ಕೂಡ ತೋರಿಸಿದರೆ ರೇಡಿಯೇಟರ್ ಬಿಚ್ಚುವವರನ್ನು ತಡೆಯಬೇಕು.

ಇಷ್ಟಾದ ಮೇಲೂ, ಮುಳ್ಳು ಜಿಗಿಯಿತು ಅಂದರೆ ತಂತಿಯ ದೋಷವೇ ಎಂದು ತೀರ್ಮಾನಿಸಿ ಹೊರಟುಬಿಡುವುದು ತಪ್ಪು. ನೀರು ತುಂಬಿರುವ ಎಂಜಿನ್ನಿಗೆ ಮಾತ್ರ ಮೇಲಿನ ಲೆಕ್ಕ ಅನ್ವಯಿಸುತ್ತದೆ. ಸೆನ್ಸರ್ ಇರುವುದು ಎಂಜಿನ್ನಿನ ಮೇಲ್ಭಾಗದಲ್ಲಿ. ನೀರು ಕಡಿಮೆಯಾದಾಗ ಮೊದಲು ಬರಿದಾಗುವ ಜಾಗವೂ ಅದೇ. ಆಗ ಸೆನ್ಸರಿನ ತುದಿ ಒಮ್ಮೆ ಕುದಿಯುವ ನೀರಿಗೆ, ಒಮ್ಮೆ ಆವಿಗೆ, ಒಮ್ಮೆ ಗಾಳಿಗೆ ಒಡ್ಡಿಕೊಳ್ಳುತ್ತದೆ. ಆವಿಯ ಗುಳ್ಳೆ ಬಂದು ಹೋದಂತೆ ಮುಳ್ಳು ಕೆಲವೇ ಸೆಕೆಂಡಿನಲ್ಲಿ ಏರಿಳಿಯಬಹುದು. ಇಷ್ಟಕ್ಕೇ ಮುಗಿಯುವುದಿಲ್ಲ. ನೀರು ಇನ್ನೂ ಇಳಿದರೆ ತುದಿ ಪೂರ್ತಿ ಬರಿಗಾಳಿಯಲ್ಲಿ ಉಳಿಯುತ್ತದೆ. ನೀರು ಶಾಖವನ್ನು ತುದಿಗೆ ಮುಟ್ಟಿಸಿದಷ್ಟು ಚೆನ್ನಾಗಿ ಗಾಳಿ ಮುಟ್ಟಿಸುವುದಿಲ್ಲ. ಕೆಳಗೆ ಕಬ್ಬಿಣ ಸುಡುತ್ತಿರುವಾಗ ಮೇಲೆ ಮುಳ್ಳು ಮೆಲ್ಲಗೆ ತಂಪಿನ ಕಡೆಗೆ ಇಳಿಯುತ್ತದೆ. ಮುಳ್ಳು ಇಳಿದುದನ್ನು ಕಂಡು ಸಮಾಧಾನದಿಂದ ಆಕ್ಸಿಲರೇಟರ್ ಒತ್ತುವ ಆ ಹೊತ್ತಿನಲ್ಲೇ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ಪಿಸ್ಟನ್ ಹಿಡಿಯುತ್ತದೆ. ಆದ್ದರಿಂದ ವೇಗದ ಸಾಕ್ಷಿಯನ್ನು ಒಪ್ಪುವ ಮೊದಲು ನೀರಿನ ಮಟ್ಟವನ್ನು ನೋಡಲೇಬೇಕು. ಮುಳ್ಳು ಆಡಿದರೆ ಗಾಡಿ ನಿಲ್ಲಿಸಿ, ಎಂಜಿನ್ ತಣಿದ ಮೇಲೆಯೇ ರೇಡಿಯೇಟರಿನ ಮುಚ್ಚಳ ತೆಗೆದು ನೀರು ನೋಡುವುದು. ಬಿಸಿ ಇರುವಾಗ ತೆಗೆದರೆ ಒತ್ತಡದಲ್ಲಿದ್ದ ನೀರು ಚಿಮ್ಮಿ ಮುಖ, ಕೈ ಸುಡುತ್ತದೆ. ನೀರು ಕುತ್ತಿಗೆಯವರೆಗೆ ಇದ್ದರೆ ತಂತಿಯ ಕಡೆಗೆ ಹೋಗಬಹುದು. ಕಡಿಮೆ ಇದ್ದರೆ ತಂತಿಯ ಮಾತೇ ಬೇಡ, ನೀರು ಎಲ್ಲಿ ಹೋಯಿತು ಎಂಬುದೇ ಪ್ರಶ್ನೆ.

ಈ ಸೀಮೆಯ ಹಳೆಯ ಗಾಡಿಗಳಲ್ಲಿ ನೀರಿನ ಪ್ರಶ್ನೆಯ ಬೇರು ನೆಲದಲ್ಲೇ ಇದೆ. ಭೂವಿಜ್ಞಾನಿಗಳು ಭೀಮಾ ಸಮೂಹ ಎಂದು ಕರೆಯುವ ಪುರಾತನ ಶಿಲಾಸ್ತರಗಳ ಸುಣ್ಣಕಲ್ಲಿಗೆ ಶಹಾಬಾದಿನ ಹೆಸರನ್ನೇ ಇಟ್ಟಿದ್ದಾರೆ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ಅದೇ. ವಾಡಿಯಲ್ಲಿ 1968ರಲ್ಲಿ ಶುರುವಾದ ಎಸಿಸಿ ಕಾರ್ಖಾನೆಯಿಂದ ಹಿಡಿದು ಮಳಖೇಡ, ಸೇಡಂ, ಚಿಂಚೋಳಿ ತಾಲ್ಲೂಕಿನ ಛತ್ರಸಾಲದವರೆಗೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಆ ಕಲ್ಲಿನಿಂದಲೇ. ಮಳೆನೀರು ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಈ ಕಲ್ಲಿನ ಸಂದುಗಳಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಬೋರ್‌ವೆಲ್ಲಿನಿಂದ ಮೇಲೆ ಬರುವುದು ಹಾಗೆ ಗಡಸಾದ ನೀರು. ಕಣ್ಣಿಗೆ ತಿಳಿ, ಬಾಯಿಗೆ ರುಚಿ. ಆದರೆ ಕಾಯಿಸಿದೊಡನೆ ಅದರಲ್ಲಿನ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು ಮತ್ತೆ ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ, ಅಂದರೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಎಲ್ಲರಿಗೂ ಗೊತ್ತು. ಎಂಜಿನ್ನಿನೊಳಗೂ ಆಗುವುದು ಅದೇ, ಅದೂ ಅತಿ ಹೆಚ್ಚು ಬಿಸಿಯಿರುವ ಜಾಗಗಳಲ್ಲಿ: ಸಿಲಿಂಡರ್ ಹೆಡ್ಡಿನ ದಾರಿಗಳಲ್ಲಿ ಮತ್ತು ಸೆನ್ಸರಿನ ತುದಿಯ ಮೇಲೆ.

ಈ ಪದರ ಶಾಖವನ್ನು ಎರಕದ ಕಬ್ಬಿಣಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಕಡಿಮೆ ಹಾಯಿಸುತ್ತದೆ. ಒಂದು ಮಿಲಿಮೀಟರ್ ಸುಣ್ಣ ಕಟ್ಟಿತೆಂದರೆ ನೀರಿಗೂ ಉರಿಗೂ ನಡುವೆ ಎರಡು ಸೆಂಟಿಮೀಟರ್ ಕಬ್ಬಿಣ ಹೆಚ್ಚಾದಂತೆ. ಲೋಹ ನೀರನ್ನು ಕುದಿಸುವಷ್ಟು ಬಿಸಿಯಾಗಿದ್ದರೂ ಆ ಶಾಖ ನೀರಿಗೆ ತಡವಾಗಿ ಬರುತ್ತದೆ. ನೀರಿಗೆ ಬಂದದ್ದು ಸುಣ್ಣ ಮೆತ್ತಿದ ಸೆನ್ಸರಿಗೆ ಇನ್ನೂ ತಡವಾಗಿ ಮುಟ್ಟುತ್ತದೆ. ಹೀಗೆ ಕಟ್ಟಿದ ಎಂಜಿನ್ನಿನಲ್ಲಿ ಮುಳ್ಳು ಚಂಚಲವಾಗಿರುವುದಿಲ್ಲ, ಜಡವಾಗಿರುತ್ತದೆ. ಏರು ಹತ್ತುವಾಗ ಸುಮ್ಮನಿದ್ದು, ಏರು ಮುಗಿದ ಮೇಲೆ ಏರುತ್ತದೆ. ಅದನ್ನೂ ಮೀಟರಿನ ದೋಷವೆಂದು ತಳ್ಳಿಹಾಕಲಾಗುತ್ತದೆ. ಆದರೆ ಅಲ್ಲಿ ಮೀಟರ್ ತನಗೆ ತಲುಪಿದ ಸುದ್ದಿಯನ್ನು ಸರಿಯಾಗಿಯೇ ಹೇಳುತ್ತಿದೆ. ಸುದ್ದಿ ತಲುಪುವುದೇ ತಡ.

“ಈ ನೀರು ನಾವೇ ಕುಡಿತೀವಿ, ಗಾಡಿಗೇನು ಆಗ್ತದ?” ಎಂಬ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರವಿದೆ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡ ಗಡಸುತನವನ್ನು ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪುತ್ತದೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಬಿಡುತ್ತದೆ. ಡೀಸೆಲ್ ಎಂಜಿನ್ ತಯಾರಿಸುವ ಕಮಿನ್ಸ್‌ನಂಥ ಕಂಪನಿ ತನ್ನ ಎಂಜಿನ್ನಿನ ನೀರಿಗೆ ಇಟ್ಟಿರುವ ಮಿತಿ 170. ಮನುಷ್ಯನ ದೇಹಕ್ಕೆ ನಡೆಯುವ ನೀರೆಲ್ಲ ಎಂಜಿನ್ನಿಗೆ ನಡೆಯುವುದಿಲ್ಲ. ಒಮ್ಮೆ ತುಂಬಿಸಿ ಬಿಟ್ಟರೆ ಹಾನಿ ಅಷ್ಟೇನೂ ದೊಡ್ಡದಲ್ಲ ಎಂಬುದನ್ನೂ ಹೇಳಬೇಕು. 600 ಮಿಲಿಗ್ರಾಂ ಗಡಸಿನ 10 ಲೀಟರ್ ನೀರಿನಲ್ಲಿ ಇರುವುದು 6 ಗ್ರಾಂ ಸುಣ್ಣ. ಕೆಡುಕು ಇರುವುದು ಮತ್ತೆ ಮತ್ತೆ ತುಂಬುವುದರಲ್ಲಿ. ಮುಚ್ಚಳದ ಸ್ಪ್ರಿಂಗ್ ಸೋತ ಗಾಡಿ ದಿನಕ್ಕೊಂದು ಲೀಟರ್ ನೀರನ್ನು ಆವಿ ಮಾಡಿ ಕಳೆಯುತ್ತದೆ ಎಂದುಕೊಳ್ಳಿ. ಆವಿಯ ಜೊತೆ ಸುಣ್ಣ ಹೋಗುವುದಿಲ್ಲ. ದಿನವೂ ಒಂದು ಲೀಟರ್ ಬೋರಿನ ನೀರು ಹೊಯ್ದರೆ ವರ್ಷಕ್ಕೆ 200 ಗ್ರಾಂ ಮೀರಿದ ಸುಣ್ಣ ಎಂಜಿನ್ನಿನೊಳಗೆ ಉಳಿಯುವ ಅವಕಾಶವಿದೆ. ಎಲ್ಲವೂ ಪದರವಾಗಿ ಕಟ್ಟುವುದಿಲ್ಲ, ಆದರೆ ಅದರ ಅರ್ಧ ಕಟ್ಟಿದರೂ ರೇಡಿಯೇಟರಿನ ಸಣ್ಣ ಕೊಳವೆಗಳಿಗೆ ಅದು ಬಹಳವಾಯಿತು. ಕೆಲವು ನೂರು ರೂಪಾಯಿಯ ಮುಚ್ಚಳವನ್ನು ಬದಲಿಸದ ಉಳಿತಾಯ ಹೀಗೆ ಎಂಜಿನ್ನನ್ನೇ ಒಳಗಿನಿಂದ ಕಟ್ಟಿಹಾಕುತ್ತದೆ. ಈ ಮುಚ್ಚಳ ಬರೀ ನೀರು ಚೆಲ್ಲದಂತೆ ತಡೆಯುವ ಬಿರಡೆಯೂ ಅಲ್ಲ. ಸಮುದ್ರಮಟ್ಟದಿಂದ 450 ಮೀಟರ್ ಸುಮಾರಿನಲ್ಲಿರುವ ಈ ಪ್ರದೇಶದಲ್ಲಿ ತೆರೆದ ನೀರು 98–99 ಡಿಗ್ರಿಗೆ ಕುದಿಯುತ್ತದೆ, 0.9 ಬಾರ್ ಒತ್ತಡ ಹಿಡಿಯುವ ಒಳ್ಳೆಯ ಮುಚ್ಚಳವಿದ್ದರೆ 118 ಡಿಗ್ರಿಯ ಹತ್ತಿರದವರೆಗೂ ಕುದಿಯುವುದಿಲ್ಲ. ಆ ಇಪ್ಪತ್ತು ಡಿಗ್ರಿಯ ಅಂತರವೇ ಮೇ ತಿಂಗಳಲ್ಲಿ ಗಾಡಿಯನ್ನು ಉಳಿಸುವುದು.

ಮೇ ತಿಂಗಳು ಎಂದಾಗ ಇನ್ನೊಂದು ಆಕ್ಷೇಪ ಬರುತ್ತದೆ: ಕಲಬುರಗಿ ಜಿಲ್ಲೆಯ ಬಿಸಿಲಿಗೆ ಎಲ್ಲ ಗಾಡಿಯೂ ಹೀಟ್ ಆಗುತ್ತದೆ, ಇದರಲ್ಲಿ ಹುಡುಕುವುದೇನು? ಬಿಸಿಲಿನ ಪಾಲು ಸಣ್ಣದಲ್ಲ, ನಿಜ. ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಎಂಬುದು ನೀರಿಗೂ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 95 ಡಿಗ್ರಿ, ಡಿಸೆಂಬರಿನ ಬೆಳಗಿನ ಗಾಳಿ 15 ಡಿಗ್ರಿ ಎಂದರೆ ಅಂತರ 80. ಮೇ ಮಧ್ಯಾಹ್ನದ ಗಾಳಿ 43 ಎಂದರೆ ಅಂತರ 52. ಅದೇ ರೇಡಿಯೇಟರ್ ಚಳಿಗಾಲದ ಮೂರನೇ ಎರಡು ಪಾಲು ಕೆಲಸವನ್ನಷ್ಟೇ ಮಾಡಬಲ್ಲದು. ಆದರೆ ಇದರಿಂದ ಹೊರಡುವ ತೀರ್ಮಾನ ಆಕ್ಷೇಪಕ್ಕೆ ವಿರುದ್ಧವಾದದ್ದು. ತಯಾರಕರು ಈ ಬಿಸಿಲನ್ನು ಲೆಕ್ಕಕ್ಕೆ ಹಿಡಿದೇ ರೇಡಿಯೇಟರಿನ ಅಳತೆ ನಿಗದಿ ಮಾಡಿರುತ್ತಾರೆ. ಹೊಸದಾಗಿದ್ದಾಗ ಅದೇ ಗಾಡಿ ಅದೇ ಬಿಸಿಲಿನಲ್ಲಿ ಅದೇ ಭಾರ ಹೊತ್ತಿತ್ತು. ಮೂರನೇ ಒಂದು ಪಾಲು ಕೊಳವೆ ಕಟ್ಟಿದ ರೇಡಿಯೇಟರ್ ತೊಗರಿ ಸುಗ್ಗಿಯ ಚಳಿಯಲ್ಲಿ ದೂರಿಲ್ಲದೆ ಓಡುತ್ತದೆ, ಏಪ್ರಿಲ್ ಬಂದಾಗ ಸೋಲುತ್ತದೆ. ಬಿಸಿಲು ಮೊದಲೇ ಇದ್ದ ರೋಗವನ್ನು ಹೊರಗೆ ಹಾಕಿತು, ಅಷ್ಟೇ.

ಶಾಖದ ವೇಗದಲ್ಲಿ, ನಿಧಾನವಾಗಿ ಏರುವ ಮುಳ್ಳಿನ ವಿಷಯದಲ್ಲಿ ಎಲ್ಲಿ ಏರಿತು ಎಂಬುದನ್ನು ಗಮನಿಸಬೇಕು. ಸಿಮೆಂಟ್ ಕಾರ್ಖಾನೆಯ ಗೇಟಿನ ಮುಂದೆ ಸಾಲಿನಲ್ಲಿ ನಿಂತಾಗ ಏರಿ, ರಸ್ತೆಗೆ ಬಿದ್ದೊಡನೆ ಇಳಿದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ: ಫ್ಯಾನ್ ಬೆಲ್ಟ್ ಸಡಿಲವಾಗಿದೆ, ಇಲ್ಲವೇ ಸಿಲಿಕೋನ್ ದ್ರವದ ಫ್ಯಾನ್ ಕ್ಲಚ್ ಇರುವ ಗಾಡಿಯಲ್ಲಿ ಅದು ಸೋತಿದೆ. ನಿಂತಾಗ ಸರಿಯಿದ್ದು, ಭಾರ ಹೊತ್ತು ಚಿಂಚೋಳಿಯಿಂದ ಕೊಂಚಾವರಂ ಕಾಡಿನ ಏರು ಹತ್ತುವಾಗ ಏರಿದರೆ ನೀರು ಸಾಕಷ್ಟು ಹರಿಯುತ್ತಿಲ್ಲ: ಕೊಳವೆಗಳು ಕಟ್ಟಿವೆ, ಪಂಪಿನ ರೆಕ್ಕೆ ಸವೆದಿದೆ, ಇಲ್ಲವೇ ಕೆಳಗಿನ ಹೋಸ್ ಪೈಪ್ ಮೆತ್ತಗಾಗಿ ಪಂಪಿನ ಎಳೆತಕ್ಕೆ ಒಳಗೆ ಕುಸಿಯುತ್ತಿದೆ. ಎರಡೂ ಕಡೆ ಏರುವ ಗಾಡಿಗೆ ರೇಡಿಯೇಟರಿನ ಹೊರಮೈ ನೋಡಬೇಕು. ಈ ಸೀಮೆಯಲ್ಲಿ ಅದರ ರೆಕ್ಕೆಗಳ ನಡುವೆ ತೊಗರಿಯ ಹೊಟ್ಟು ತುಂಬುತ್ತದೆ, ಅದರ ಮೇಲೆ ಸಿಮೆಂಟಿನ ದೂಳು ಕೂರುತ್ತದೆ, ಮೇಲೊಂದು ಮಳೆ ಬಿದ್ದರೆ ಅದು ಗಟ್ಟಿಯಾಗಿ ಗೋಡೆಯಂತೆ ನಿಲ್ಲುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ಜೋರು ಒತ್ತಡದ ಪೈಪ್ ಹಿಡಿದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಗ್ಯಾರೇಜುಗಳಲ್ಲಿ ಬಹಳ ಚಾಲ್ತಿಯಲ್ಲಿರುವ ಒಂದು ಉಪಾಯವನ್ನು ಇಲ್ಲಿ ಬಲವಾಗಿ ವಿರೋಧಿಸಬೇಕು. “ವಾಲ್ವ್ ತೆಗದ್ ಬಿಡ್ರಿ, ಇಲ್ಲಿ ಥಂಡಿ ಎಲ್ಲದ?” ಎಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವುದು. ಅದರ ಸಮರ್ಥನೆ ಕೇಳಲು ಸರಿ ಎನಿಸುತ್ತದೆ: ಬಾಗಿಲೇ ಇಲ್ಲದಿದ್ದರೆ ನೀರು ಸದಾ ರೇಡಿಯೇಟರಿಗೆ ಹರಿಯುತ್ತದೆ. ಮುಳ್ಳೂ ಕೆಲವು ದಿನ ಕೆಳಗಿರುತ್ತದೆ. ಆದರೆ 82 ಡಿಗ್ರಿ ಆಸುಪಾಸಿನಲ್ಲಿ ತೆರೆಯುವ ಆ ಮೇಣದ ಕವಾಟ ಇರುವುದು ಎಂಜಿನ್ ಬೇಗ ಕಾದು ತನ್ನ ಸರಿಯಾದ ಶಾಖದಲ್ಲಿ ನಿಲ್ಲಲೆಂದು. ಅದಿಲ್ಲದ ಡೀಸೆಲ್ ಎಂಜಿನ್ ಚಳಿಗಾಲದ ಬೆಳಗಿನಲ್ಲಿ ತಣ್ಣಗೇ ಓಡಿ ಹೆಚ್ಚು ಹೊಗೆ ಉಗುಳುತ್ತದೆ, ಹೆಚ್ಚು ಡೀಸೆಲ್ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಅಂಥಲ್ಲಿ ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಆ ಅಡ್ಡದಾರಿಯಲ್ಲೇ ಸುತ್ತುತ್ತದೆ, ಬೇಸಿಗೆಯಲ್ಲಿ ಗಾಡಿ ಇನ್ನೂ ಹೆಚ್ಚು ಕಾಯುತ್ತದೆ. ರೋಗ ಪತ್ತೆಯ ದೃಷ್ಟಿಯಿಂದ ಇನ್ನೂ ದೊಡ್ಡ ನಷ್ಟವೊಂದಿದೆ. ಥರ್ಮೋಸ್ಟಾಟ್ ಇರುವ ಎಂಜಿನ್ನಿನಲ್ಲಿ ಮುಳ್ಳಿಗೆ ಒಂದು ನೆಲೆ ಇರುತ್ತದೆ, ಆ ನೆಲೆ ತಪ್ಪಿದರೆ ಗೊತ್ತಾಗುತ್ತದೆ. ಅದನ್ನು ಕಿತ್ತ ಮೇಲೆ ಮುಳ್ಳು ಭಾರಕ್ಕೆ, ಗಾಳಿಗೆ, ರಸ್ತೆಗೆ ತಕ್ಕಂತೆ ಅಲೆಯುವುದೇ ಅದರ ಸಹಜ ಸ್ಥಿತಿ. ಮೀಟರ್ ಚಂಚಲವಾಗಿದೆ ಎಂದು ಮತ್ತೆ ಬರುವ ಗಾಡಿಗಳಲ್ಲಿ, ಹಿಂದೆ ಯಾರೋ ವಾಲ್ವ್ ತೆಗೆದಿದ್ದಾರೆಯೇ ಎಂದು ಕೇಳುವುದು ಆದ್ದರಿಂದ ಅಗತ್ಯ.

ಅನುಭವಿ ಮಿಸ್ತ್ರಿಗೆ ಇಷ್ಟೆಲ್ಲ ಲೆಕ್ಕ ಏಕೆ, ಕೈಯಿಟ್ಟರೆ ತಿಳಿಯುತ್ತದೆ ಎನ್ನುವವರಿದ್ದಾರೆ. ಈ ಸೀಮೆಯ ಮಿಸ್ತ್ರಿಗಳ ಕೈಗೆ ಇರುವ ತಿಳಿವಳಿಕೆ ಗೌರವಕ್ಕೆ ತಕ್ಕದ್ದೇ. ಆದರೆ ಕೈ 60 ಡಿಗ್ರಿಯ ಆಚೆ ಅಳೆಯಲಾರದು. ಅದಕ್ಕೆ 85 ಕೂಡ ಸುಡುತ್ತದೆ, 110 ಕೂಡ ಸುಡುತ್ತದೆ. ಎಂಜಿನ್ನಿನ ಬದುಕು ಸಾವು ಇರುವುದು ಆ ಎರಡರ ನಡುವೆ. ಸಾವಿರ ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದ್ದರೆ ಥರ್ಮೋಸ್ಟಾಟಿನ ಗೂಡಿನ ನಿಜವಾದ ಶಾಖವನ್ನು ನೋಡಿ ಮೀಟರಿನ ಜೊತೆ ತಾಳೆ ಹಾಕಬಹುದು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಉಪಕರಣ ಕಡಿಮೆ ತೋರಿಸುತ್ತದೆ, ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ನೋಡಬೇಕು. ತಂತಿಯ ಪರೀಕ್ಷೆಗೆ ಸೆನ್ಸರಿನ ಕನೆಕ್ಟರ್ ಕಿತ್ತು ಕೀಲಿ ಆನ್ ಮಾಡಿದರೆ ಮುಳ್ಳು ತಂಪಿನಲ್ಲಿ ಕೂರಬೇಕು; ಆ ತಂತಿಯನ್ನು ಕ್ಷಣಕಾಲ ಎಂಜಿನ್ನಿಗೆ ಮುಟ್ಟಿಸಿದರೆ ಮೇಲಕ್ಕೆ ಹೊರಡಬೇಕು. ಎರಡೂ ಆದರೆ ಮೀಟರ್ ಮತ್ತು ತಂತಿ ಸರಿ ಇವೆ, ದೋಷ ಸೆನ್ಸರಿನಲ್ಲಿ ಅಥವಾ ನೀರಿನಲ್ಲಿ. ಇದನ್ನು ಸೆನ್ಸರಿನಿಂದ ನೇರ ಮೀಟರಿಗೆ ತಂತಿ ಹೋಗುವ ಹಳೆಯ ಗಾಡಿಗಳಲ್ಲಿ ಮಾತ್ರ ಮಾಡಬೇಕು. ಎಂಜಿನ್ನಿನ ಕಂಪ್ಯೂಟರ್ (ಇಸಿಎಂ) ಮೂಲಕ ಮೀಟರ್ ನಡೆಯುವ ಹೊಸ ಗಾಡಿಗಳಲ್ಲಿ ಮಾಡಬಾರದು. ಅರ್ಥಿಗೆ ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು, ಎಂಜಿನ್ ಓಡುತ್ತ ಹೆಡ್‌ಲೈಟ್ ಉರಿಯುವಾಗ ನೋಡಬೇಕು. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಪಟ್ಟಿ ಬಿಚ್ಚಿ, ಬಣ್ಣ ತುಕ್ಕು ಕೆರೆದು, ಬಿಗಿಯಾಗಿ ಕಟ್ಟಬೇಕು. ಸೆನ್ಸರನ್ನು ಕಳಚಿ ಬಿಸಿನೀರಿನ ಪಾತ್ರೆಯಲ್ಲಿ ತುದಿ ಅದ್ದಿ ಮಲ್ಟಿಮೀಟರ್ ಹಿಡಿದರೆ ನೀರು ತಣಿದಂತೆ ತಡೆ ಒಂದೇ ಸಮನೆ ಏರಬೇಕು. ನಡುವೆ ಜಿಗಿದರೆ ಸೆನ್ಸರ್ ಹೋಗಿದೆ.

ದುಡಿಮೆಯ ಗಾಡಿ ನಿಲ್ಲಿಸಿ ಪರೀಕ್ಷೆ ಮಾಡುತ್ತ ಕೂತರೆ ಬಾಡಿಗೆ ಹೋಗುತ್ತದೆ ಎಂಬುದು ಎಲ್ಲಕ್ಕಿಂತ ಭಾರವಾದ ಆಕ್ಷೇಪ, ಯಾಕೆಂದರೆ ಕಂತು ಕಟ್ಟುವ ಚಾಲಕನಿಗೆ ಒಂದು ದಿನದ ಬಾಡಿಗೆ ಸಣ್ಣ ಮಾತಲ್ಲ. ಆದರೆ ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಬಹುತೇಕ ಎಲ್ಲವೂ ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಲೋಡ್ ಆಗಲು ಕಾಯುವಾಗ ಮುಗಿಯುವಂಥವು. ಹೆಡ್ ಬಾಗಿದರೆ ಎಂಜಿನ್ ಮೇಲ್ಭಾಗ ಬಿಚ್ಚಿ, ಹೆಡ್ಡನ್ನು ಕಲಬುರಗಿಯ ವರ್ಕ್‌ಶಾಪಿಗೆ ಕಳಿಸಿ ಮಟ್ಟ ಮಾಡಿಸಿ ತರುವಷ್ಟರಲ್ಲಿ ಹೋಗುವ ಬಾಡಿಗೆಗಳು ಎಷ್ಟೆಂದು ಯಾವ ಚಾಲಕನಿಗೂ ಹೇಳಿಕೊಡಬೇಕಿಲ್ಲ. ಹಳೆಯ ಗಾಡಿಯ ಮೀಟರಿಗೆ ಒಂದು ಒಳ್ಳೆಯ ಗುಣವೂ ಇದೆ. ಈಚಿನ ಹಲವು ಗಾಡಿಗಳಲ್ಲಿ ಚಾಲಕ ಗಾಬರಿಯಾಗದಿರಲೆಂದು ಮುಳ್ಳನ್ನು 75ರಿಂದ 105 ಡಿಗ್ರಿಯವರೆಗೂ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಕದಲುವ ಹೊತ್ತಿಗೆ ತಡವಾಗಿರುತ್ತದೆ. ಹಳೆಯ ಮುಳ್ಳು ಸಣ್ಣ ಬದಲಾವಣೆಯನ್ನೂ ತೋರಿಸುತ್ತದೆ. ಅದರ ತಂತಿ ಕಿತ್ತು ಸುಮ್ಮನಾಗಿಸುವುದು ಆ ಎಂಜಿನ್ನಿಗೆ ಇರುವ ಒಂದೇ ಕಾವಲನ್ನು ತೆಗೆದಂತೆ.

ಒಳಗೆ ಸುಣ್ಣ ಕಟ್ಟಿರುವುದು ಖಚಿತವಾದರೆ ಶೌಚಾಲಯ ತೊಳೆಯುವ ಆಸಿಡ್ ಹೊಯ್ಯುವವರಿದ್ದಾರೆ. ಅದು ಸುಣ್ಣದ ಜೊತೆ ಅಲ್ಯೂಮಿನಿಯಂ ಭಾಗಗಳನ್ನೂ ತಿನ್ನುತ್ತದೆ. ನಿಂಬೆಯ ಹುಳಿಯಾದ ಸಿಟ್ರಿಕ್ ಆಸಿಡ್ಡಿನ ತೆಳು ದ್ರಾವಣ ತುಂಬಿ, ಎಂಜಿನ್ ಬೆಚ್ಚಗಾಗುವಷ್ಟು ಓಡಿಸಿ, ಖಾಲಿ ಮಾಡಿ, ತಿಳಿನೀರು ಬರುವವರೆಗೆ ತೊಳೆಯುವುದು ಮೃದುವಾದ ದಾರಿ. ಬಹಳ ಹಳೆಯ ರೇಡಿಯೇಟರಿನಲ್ಲಿ ಸಣ್ಣ ತೂತುಗಳನ್ನು ಸುಣ್ಣವೇ ಮುಚ್ಚಿಕೊಂಡಿರುತ್ತದೆ, ತೊಳೆದ ಮೇಲೆ ಸೋರಬಹುದು. ಅದು ತೊಳೆದದ್ದರ ತಪ್ಪಲ್ಲ, ಮೊದಲೇ ಇದ್ದ ತೂತು. ಆಮೇಲೆ ಬೋರಿನ ನೀರು ಒಳಗೆ ಹೋಗಬಾರದು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು, ಅದಿಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು, ಅದರ ಜೊತೆ ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲಂಟ್. ಇಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲವೆಂದು ಕೂಲಂಟ್ ಬೇಡವೆನ್ನುವುದು ಸರಿಯಲ್ಲ. ಅದರೊಳಗಿನ ತುಕ್ಕು ತಡೆಯುವ ರಾಸಾಯನಿಕಗಳು, ಕುದಿಯುವ ಬಿಂದುವನ್ನು ಮೇಲೆತ್ತುವ ಗುಣ ಈ ಬಿಸಿಲಿಗೇ ಬೇಕಾದವು. ತೆಗೆದ ಹಳೆಯ ಕೂಲಂಟನ್ನು ರಸ್ತೆಬದಿಗೆ ಚೆಲ್ಲಬಾರದು, ಅದರ ಗ್ಲೈಕಾಲ್ ಸಿಹಿಯಾದ ವಿಷ, ನಾಯಿ ದನಗಳು ನೆಕ್ಕಿ ಸಾಯುತ್ತವೆ.

ಇಷ್ಟು ಮಾಡಿದ ಮೇಲೆ ಒಂದು ವಾರ ಬೆಳಿಗ್ಗೆ ನೀರಿನ ಮಟ್ಟವನ್ನೂ, ಭಾರ ಹೊತ್ತಾಗ ಮುಳ್ಳಿನ ನೆಲೆಯನ್ನೂ ಬರೆದಿಟ್ಟುಕೊಳ್ಳಬೇಕು. ಹೊರಗೆ ಎಲ್ಲಿಯೂ ಸೋರದೆ ನೀರು ದಿನವೂ ಇಳಿಯುತ್ತಿದ್ದರೆ, ಮುಳ್ಳು ಕೆಲವೇ ನಿಮಿಷದಲ್ಲಿ ಏರಿ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ದಾಟಿ ಉರಿಯ ಅನಿಲ ನೀರಿಗೆ ನುಗ್ಗುತ್ತಿದೆ ಎಂದು ಅನುಮಾನಿಸಬೇಕು. ತಣ್ಣನೆ ಎಂಜಿನ್ನಿನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ನೀರಿನಲ್ಲಿ ಗುಳ್ಳೆಗಳು ನಿಲ್ಲದೆ ಬಂದರೆ, ವೇಗ ಹೆಚ್ಚಿಸಿದಂತೆ ಗುಳ್ಳೆಗಳೂ ಹೆಚ್ಚಿದರೆ ಆ ಗಾಡಿಗೆ ಮುಂದಿನ ಲೋಡ್ ಹಾಕಬಾರದು. ಹೆಡ್ ಬಿಚ್ಚಿಸಿ ಮಟ್ಟ ನೋಡಿಸಬೇಕು.